ಸರಿ ಬೆಸ

ಬರ್ಮಿಂಗ್‌ಹ್ಯಾಮಿನ ನಮ್ಮ ಹದಿನಾರು ಮಹಡಿಯ ಕೌನ್ಸಿಲ್ ಕಟ್ಟಡಕ್ಕೆ
ಲಿಫ್ಟು ಎರಡು.
ಎಡಗಡೆಯದು ಸರಿ ಮಹಡಿಗೆ, ಬಲಗಡೆಯದು ಬೆಸಕ್ಕೆ.
ಅರವತ್ತಾರರಲ್ಲಿ ಯಾವನೋ ಇಂಜಿನಿಯರು
ಬಾಗಿಲ ಖರ್ಚು ಉಳಿಸಲು ಹೂಡಿದ ಉಪಾಯ.
ಖರ್ಚು ಉಳಿಯಿತೋ ಇಲ್ಲವೋ, ಅಭ್ಯಾಸ ಉಳಿಯಿತು.

ನಾನು ಹನ್ನೆರಡರವನು. ಸರಿಯವನು.
ಹತ್ತೊಂಬತ್ತು ವರ್ಷ ನನ್ನ ನೆತ್ತಿಯ ಮೇಲೆ
ಹದಿಮೂರರಲ್ಲಿ ಯಾರೋ ಕುರ್ಚಿ ಎಳೆದರು, ಕೆಮ್ಮಿದರು,
ಭಾನುವಾರ ರೇಡಿಯೋ ಜೋರು ಮಾಡಿದರು.
ಮುಖ ನೋಡಿದವನಲ್ಲ.
ರಾತ್ರಿಯಿಡೀ ಊರ ಸ್ಟಾಪಿಗೆಲ್ಲ ಬಸ್ಸು ನಿಲ್ಲಿಸಿ ಬಂದವನಿಗೆ
ಮನೆಗೆ ಹೋಗುವಾಗ ಒಂದೇ ಸ್ಟಾಪು ಸಾಕು.

ನಮ್ಮ ಲಿಫ್ಟಿಗೆ ಅದರದೇ ಗುಣ.
ಎಂಟರ ಹತ್ತಿರ ಒಮ್ಮೆ ಬಿಕ್ಕುತ್ತಿತ್ತು.
ಗುಂಡಿ ಒತ್ತಿದರೆ ಸಾಲದು, ಹೆಬ್ಬೆರಳಲ್ಲಿ ತಿರುವಿ ಒತ್ತಬೇಕು.
ಫಿನೈಲು, ಅದರಡಿಗೆ ಉಚ್ಚೆ, ಶುಕ್ರವಾರವಾದರೆ ಕರಿದ ಮೀನು.
ತಗಡಿನ ಮೇಲೆ ಮಂಡಿಯೆತ್ತರಕ್ಕೆ
ಮೊಳೆಯಲ್ಲಿ ಕೆರೆದ ಹೆಸರು: ಡ್ಯಾರೆನ್.
ಎದೆಯೆತ್ತರಕ್ಕೆ ಮತ್ತೊಂದು ಡ್ಯಾರೆನ್,
ಅಕ್ಷರ ದುಂಡಗೆ.
ಹುಡುಗ ಬೆಳೆದಿದ್ದ.

ಮಾರ್ಚಿನಲ್ಲಿ ನೋಟೀಸು ಅಂಟಿತು:
ಎಡಗಡೆಯ ಲಿಫ್ಟು ಹೊಸದಾಗಲಿದೆ, ಹದಿನೆಂಟು ವಾರ ಬಂದ್.
ಸರಿ ಮಹಡಿಯವರು ಬೆಸದ ಲಿಫ್ಟು ಹತ್ತಿ
ಒಂದು ಮಹಡಿ ನಡೆಯತಕ್ಕದ್ದು.
ನಡೆಯತಕ್ಕದ್ದಂತೆ!
ಹತ್ತರ ವಿನಿಫ್ರೆಡ್ ಹಾಜೆಟ್ಸ್‌ಗೆ ಎರಡೂ ಸೊಂಟ ಉಕ್ಕಿನವು.

ಮೊದಲ ದಿನ ಬೆಸದವರು ನಮ್ಮನ್ನು ನೋಡಿದ್ದು
ಕರೆಯದೆ ಮದುವೆಯೂಟಕ್ಕೆ ಕೂತವರನ್ನು ನೋಡುವಂತೆ.
ಎಂಟು ಜನದ ಡಬ್ಬದಲ್ಲಿ ಹತ್ತು ಜನ,
ಒಂದು ತಳ್ಳುಗಾಡಿ, ಒಂದು ಒದ್ದೆ ನಾಯಿ,
ಎಲ್ಲರ ಕಣ್ಣೂ ಬಾಗಿಲ ಮೇಲಿನ ನಂಬರಿಗೆ.

ಐದನೇ ವಾರ. ಹದಿಮೂರರಲ್ಲಿಳಿದು
ಮೆಟ್ಟಿಲ ಕಡೆ ತಿರುಗಿದೆ.
ಸ್ಲಿಪ್ಪರಿನಲ್ಲಿ ನಿಂತ ಒಬ್ಬಾಕೆ ಕೇಳಿದಳು,
"ಬೆಳಗಿನ ಜಾವ ನಾಲ್ಕಕ್ಕೆ ಎಣ್ಣೆಯಲ್ಲಿ ಏನೋ ಸಿಡಿಯುತ್ತದಲ್ಲ,
ಅದು ನಿಮ್ಮದೇನಾ?"
ಸಾಸಿವೆ, ಅಂದೆ. ತಪ್ಪಾಯಿತು, ಅನ್ನುವವನಿದ್ದೆ.
"ಆ ಘಮ ಬಂದ ಮೇಲೇ ನನಗೆ ನಿದ್ದೆ," ಅಂದಳು.
"ಸದ್ಯ, ಯಾರೋ ಮನೆ ಸೇರಿದರು ಅಂತ."
ಡೆಲ್ಫೀನ್ ಆರ್ಚಿಬಾಲ್ಡ್. ಸೇಂಟ್ ಕಿಟ್ಸಿನವಳು.
ಕೆಮ್ಮು ಅವಳದೇ.

ಜೂನಿನಲ್ಲಿ ಹದಿಮೂರರ ಗೋಡೆ ಒಡೆದರು.
ಗ್ಯಾರೆತ್ ಪ್ಯೂ, ಲಿಫ್ಟು ಮೇಸ್ತ್ರಿ, ಕರೆದು ತೋರಿಸಿದ:
"ನೋಡು, ಬಾಗಿಲಿಗೆ ಜಾಗ ಬಿಟ್ಟೇ ಕಟ್ಟಿದ್ದಾರೆ.
ಆಮೇಲೆ ಇಟ್ಟಿಗೆ ತುಂಬಿದ್ದಾರೆ."
ಆ ಇಟ್ಟಿಗೆಗೆ ನನಗಿಂತ ಹೆಚ್ಚು ವಯಸ್ಸು.
ಬಾವಿಯಂಥ ಕತ್ತಲಲ್ಲಿ ಮೊಣಕಾಲೂರಿ
ಅವನು ಚೌಕಟ್ಟಿಗೆ ಬೆಸುಗೆ ಹಾಕುತ್ತಿದ್ದ, ಕಿಡಿ ಕೆಳಕೆಳಗೆ ಬೀಳುತ್ತಿತ್ತು.
ನನ್ನ ಭಾಷೆಯಲ್ಲಿ ಈ ಕೆಲಸದ ಹೆಸರೊಳಗೇ
ಬೆಸ ಇದೆ ಕಣಯ್ಯಾ, ಅಂದೆ.
ಅವನು ಮುಖವಾಡ ಎತ್ತಿ ನೋಡಿದ,
ಮತ್ತೆ ಇಳಿಸಿಕೊಂಡ.

ಈಗ ಎರಡೂ ಲಿಫ್ಟು ಎಲ್ಲ ಕಡೆ ನಿಲ್ಲುತ್ತವೆ.
ಒಳಗೆ ಕನ್ನಡಿ. ಮಹಡಿ ಬಂತೆಂದು ಹೇಳುವ ಹೆಣ್ಣುದನಿ,
ಯಾವೂರಿನವಳೋ, ಈ ಊರಿನವಳಂತೂ ಅಲ್ಲ.
ಡ್ಯಾರೆನ್ ಇದ್ದ ತಗಡು ಗುಜರಿಗೆ ಹೋಯಿತು,
ಕೇಳಿಟ್ಟುಕೊಳ್ಳಬೇಕೆಂದು ಹೊಳೆದದ್ದು ಮಾರನೆಯ ದಿನ.
ಹದಿನೆಂಟು ವಾರ ಹೊಸಿಲು ದಾಟದ ವಿನಿಫ್ರೆಡ್
ಮೊದಲ ದಿನ ಟೋಪಿ ಇಟ್ಟುಕೊಂಡು ಬಂದು
ಮೂರು ಸಲ ಮೇಲೆ ಕೆಳಗೆ ಹೋದಳು,
ಎಲ್ಲಿಯೂ ಇಳಿಯದೆ.

ಎಂಟರ ಹತ್ತಿರ ಲಿಫ್ಟು ಬಿಕ್ಕುವುದಿಲ್ಲ,
ನನ್ನ ಮಂಡಿ ಮಾತ್ರ ಈಗಲೂ ತಾನಾಗಿ ಸಡಿಲುತ್ತದೆ.
ಕೆಲವು ರಾತ್ರಿ ಬೆರಳು ಹದಿಮೂರನ್ನೇ ಒತ್ತುತ್ತದೆ.
ಇಳಿದು, ಸದ್ದಾಗದಂತೆ ಒಂದು ಮಹಡಿ ನಡೆದು,
ಒಲೆ ಹಚ್ಚಿ
ಸಾಸಿವೆ ಒಂದು ಚಿಟಿಕೆ ಹೆಚ್ಚೇ ಹಾಕುತ್ತೇನೆ.